ತನಿಖಾ ಪತ್ರಿಕೋದ್ಯಮ (ಭಾರತ)

ಅಧಿಕಾರಸ್ಥರು ಮುಚ್ಚಿಟ್ಟ ಅಕ್ರಮವನ್ನು ಅಥವಾ ಜನರ ಜೀವಕ್ಕೆ ಎರವಾಗಬಲ್ಲ ಅಪಾಯವನ್ನು ದಾಖಲೆ, ಸಾಕ್ಷಿಗಳ ಬಲದಿಂದ ಬಯಲಿಗೆಳೆಯುವ ವರದಿಗಾರಿಕೆ. ಭಾರತದಲ್ಲಿ ಇದರ ಚರಿತ್ರೆಯನ್ನು 1980ರ ಆಸುಪಾಸಿನ ಇಂಗ್ಲಿಷ್ ದಿನಪತ್ರಿಕೆಗಳಿಂದ ಆರಂಭಿಸುವುದು ವಾಡಿಕೆ. ಅದೇ ಕಾಲದ ಸಣ್ಣ ಊರುಗಳ, ದೇಶಭಾಷೆಗಳ ಪತ್ರಿಕೆಗಳಿಗೆ ಆ ಚರಿತ್ರೆಯಲ್ಲಿ ಸಿಕ್ಕ ಜಾಗ ಕಡಿಮೆ. ಅವುಗಳ ಕುರಿತ ವಿವರಗಳಲ್ಲಿ ಗೊಂದಲವೂ ಹೆಚ್ಚು.

ವಸಾಹತು ಕಾಲ

1780ರ ಜನವರಿ 29ರಂದು ಕಲ್ಕತ್ತದಲ್ಲಿ ಹೊರಬಂದ ಜೇಮ್ಸ್ ಆಗಸ್ಟಸ್ ಹಿಕಿಯ 'ಬೆಂಗಾಲ್ ಗೆಜೆಟ್' ದೇಶದ ಮೊದಲ ಪತ್ರಿಕೆ ಎಂಬುದು ಸರ್ವವಿದಿತ. ಅದು ಮೊದಲ ತನಿಖಾ ಪತ್ರಿಕೆಯೂ ಹೌದೇ ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ಹಳೆಯ ಚರಿತ್ರೆಕಾರರು ಅದನ್ನು ಚಾಡಿ, ಚೇಷ್ಟೆಗಳ ಹಾಳೆಯೆಂದು ತಳ್ಳಿಹಾಕಿದರು. 2018ರಲ್ಲಿ ಪ್ರಕಟವಾದ ಆಂಡ್ರೂ ಓಟಿಸ್ ಅವರ ಅಧ್ಯಯನ ಕಡತಗಳನ್ನು ಕೆದಕಿ ಬೇರೆಯದೇ ಚಿತ್ರ ಕೊಡುತ್ತದೆ: ಗವರ್ನರ್ ಜನರಲ್ ವಾರೆನ್ ಹೇಸ್ಟಿಂಗ್ಸ್, ಮುಖ್ಯ ನ್ಯಾಯಾಧೀಶ ಎಲಿಜಾ ಇಂಪೆ ಇಬ್ಬರ ಮೇಲೂ ಹಿಕಿ ಭ್ರಷ್ಟಾಚಾರದ ಆರೋಪ ಹೊರಿಸಿದ್ದ, ಅದಕ್ಕಾಗಿ ಜೈಲಿಗೂ ಹೋದ. 1782ರಲ್ಲಿ ಅವನ ಅಚ್ಚುಮೊಳೆಗಳನ್ನೇ ಜಪ್ತಿ ಮಾಡಲಾಯಿತು. ಆದರೂ ಹಿಕಿಯಲ್ಲಿ ಚಾಡಿ ಎಲ್ಲಿ ಮುಗಿದು ತನಿಖೆ ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆಯುವುದು ಸುಲಭವಲ್ಲ.

ಕ್ರಮಬದ್ಧ ಮಾಹಿತಿ ಸಂಗ್ರಹ ಸ್ಪಷ್ಟವಾಗಿ ಕಾಣುವುದು 1859–60ರ ನೀಲಿ ಬೆಳೆಗಾರರ ದಂಗೆಯ ಹೊತ್ತಿಗೆ. 'ಹಿಂದೂ ಪೇಟ್ರಿಯಟ್' ಸಂಪಾದಕ ಹರೀಶ್‌ಚಂದ್ರ ಮುಖರ್ಜಿ ಕಲ್ಕತ್ತದಲ್ಲಿ ಕುಳಿತೇ ಜಿಲ್ಲೆಗಳಿಂದ ಪತ್ರ ತರಿಸಿಕೊಂಡು ತೋಟದ ಧಣಿಗಳ ದೌರ್ಜನ್ಯವನ್ನು ವಾರವಾರವೂ ಪ್ರಕಟಿಸಿದರು. ಜೆಸ್ಸೋರ್‌ನಿಂದ ಬರೆಯುತ್ತಿದ್ದ ಯುವಕ ಶಿಶಿರ್ ಕುಮಾರ್ ಘೋಷ್ ಮುಂದೆ 1868ರಲ್ಲಿ 'ಅಮೃತ ಬಜಾರ್ ಪತ್ರಿಕಾ' ಆರಂಭಿಸಿದರು. ಕಾಶ್ಮೀರದ ಮಹಾರಾಜರ ಅಧಿಕಾರ ಮೊಟಕಾದ ಹಿನ್ನೆಲೆಯಲ್ಲಿ 1889ರಲ್ಲಿ ಈ ಪತ್ರಿಕೆ ಸರ್ಕಾರದ ಗುಪ್ತ ದಾಖಲೆಯೊಂದನ್ನು ಅಚ್ಚು ಹಾಕಿತು. ಅದೇ ವರ್ಷ ಅಧಿಕೃತ ರಹಸ್ಯಗಳ ಕಾಯಿದೆ ಬಂತು. 1923ರಲ್ಲಿ ಬಿಗಿಗೊಂಡ ಆ ಕಾಯಿದೆ ಇಂದಿಗೂ ಜಾರಿಯಲ್ಲಿದೆ.

ಭಾಗಲ್ಪುರ ಮತ್ತು 'ಮೊದಲ' ಪ್ರಶ್ನೆ

ತುರ್ತುಪರಿಸ್ಥಿತಿಯ ನಂತರದ ಏರುಕಾಲ ಸಾಕಷ್ಟು ಚರ್ಚಿತ. 1980ರ ನವೆಂಬರಿನಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್'ನ ಪಟ್ನಾ ವರದಿಗಾರ ಅರುಣ್ ಸಿನ್ಹಾ, ಭಾಗಲ್ಪುರದಲ್ಲಿ ಪೊಲೀಸರು ವಿಚಾರಣಾಧೀನ ಕೈದಿಗಳ ಕಣ್ಣು ಚುಚ್ಚಿ ಆಸಿಡ್ ಸುರಿದದ್ದನ್ನು ಬಯಲು ಮಾಡಿದರು. ಕುರುಡಾದವರ ಸಂಖ್ಯೆ ಕೆಲವೆಡೆ 31, ಕೆಲವೆಡೆ 33. ಪತ್ರಿಕೆ ಬರೆಯುವುದಕ್ಕೆ ಮೊದಲೇ, 1980ರ ಜುಲೈನಲ್ಲೇ ಕೈದಿಗಳ ಅರ್ಜಿ ಸೆಷನ್ಸ್ ನ್ಯಾಯಾಲಯ ತಲುಪಿತ್ತು. ವಕೀಲರನ್ನು ಒದಗಿಸಲು ಅವಕಾಶವಿಲ್ಲವೆಂದು ಅಲ್ಲಿಂದ ಉತ್ತರ ಬಂದಿತ್ತು. ಹಾಗಾಗಿ ಪ್ರಕರಣವನ್ನು 'ಕಂಡುಹಿಡಿದ' ಶ್ರೇಯ ಪತ್ರಿಕೆಯದೆನ್ನುವುದಕ್ಕಿಂತ, ಕೇಳಿಯೂ ಕೇಳದಂತಿದ್ದ ವ್ಯವಸ್ಥೆ ಕಿವಿಗೊಡಲೇಬೇಕಾದ ಸ್ಥಿತಿ ತಂದದ್ದು ಪತ್ರಿಕೆ ಎನ್ನುವುದು ಹೆಚ್ಚು ಸರಿ. ಮುಂದೆ ಈ ಕೈದಿಗಳದೇ ಖತ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಡ ಆರೋಪಿಗೆ ಉಚಿತ ಕಾನೂನು ನೆರವು ಮೂಲಭೂತ ಹಕ್ಕೆಂದಿತು. ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆಯವರ ಟ್ರಸ್ಟ್‌ಗಳ ಬಗ್ಗೆ ಅರುಣ್ ಶೌರಿ 1981ರಲ್ಲಿ ಬರೆದದ್ದು, ಅಂತುಳೆ ಮರುವರ್ಷ ರಾಜೀನಾಮೆ ಕೊಟ್ಟದ್ದು ಇದೇ ಪತ್ರಿಕೆಯ ಅಧ್ಯಾಯ.

ಅದೇ 1980ರಲ್ಲಿ ಬೆಂಗಳೂರಿನಲ್ಲಿ ಪಿ. ಲಂಕೇಶ್ 'ಲಂಕೇಶ್ ಪತ್ರಿಕೆ' ಆರಂಭಿಸಿದರು. ಜಾಹೀರಾತನ್ನೇ ನೆಚ್ಚದೆ ಓದುಗರ ದುಡ್ಡಿನಿಂದ ನಡೆದ ಈ ಟ್ಯಾಬ್ಲಾಯ್ಡ್ ವಾರಪತ್ರಿಕೆ ಗುಂಡೂರಾವ್ ಸರ್ಕಾರದ ಹುಳುಕುಗಳನ್ನು ವಾರವಾರವೂ ಎತ್ತಿ ತೋರಿಸಿತು. 1983ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡದ್ದರಲ್ಲಿ ಪತ್ರಿಕೆಯ ಪಾಲು ಎಷ್ಟೆಂಬುದು ಚರ್ಚೆಯ ವಿಷಯ. ರೈತ ಚಳವಳಿ, ಗೋಕಾಕ್ ಚಳವಳಿಗಳನ್ನು ಬಿಟ್ಟು ಲೆಕ್ಕ ಹಾಕಲಾಗದು.

ಭೋಪಾಲ್, 1982–84

ಸಾರ್ವಜನಿಕ ಅಪಾಯವೊಂದನ್ನು ಪತ್ರಿಕೆ ಮುಂಚಿತವಾಗಿ ಹೇಳಿಯೂ ಯಾರೂ ಕೇಳದೆ ಹೋದ ಪ್ರಕರಣಗಳಲ್ಲಿ ಭೋಪಾಲಿನದು ಮುಖ್ಯ. 1981ರ ಡಿಸೆಂಬರಿನಲ್ಲಿ ಭೋಪಾಲಿನ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಲ್ಲಿ ಫಾಸ್ಜೀನ್ ವಿಷಾನಿಲ ಸೋರಿ ಕಾರ್ಮಿಕರೊಬ್ಬರು ಸತ್ತರು. ಅವರ ಗೆಳೆಯರಾಗಿದ್ದ ರಾಜ್‌ಕುಮಾರ್ ಕೇಸ್ವಾನಿ (1950–2021) ಆಗ 'ರಪಟ್' ಎಂಬ ಪುಟ್ಟ ಹಿಂದಿ ವಾರಪತ್ರಿಕೆ ನಡೆಸುತ್ತಿದ್ದರು. ಕಾರ್ಖಾನೆಯೊಳಗಿನವರ ನೆರವಿನಿಂದ ಮಾಹಿತಿ ಕೂಡಿಸುತ್ತಾ ಹೋದಾಗ, 1982ರ ಮೇ ತಿಂಗಳಲ್ಲಿ ಅಮೆರಿಕದಿಂದ ಬಂದಿದ್ದ ಕಂಪನಿಯ ತಜ್ಞರು ಬರೆದ ಸುರಕ್ಷತಾ ಪರಿಶೀಲನೆಯ ವರದಿ ಅವರ ಕೈಸೇರಿತು. ಆ ವರದಿ ಎಣಿಸಿದ ಲೋಪಗಳು 61. ಅವುಗಳಲ್ಲಿ 30 ಗಂಭೀರ.

'ರಪಟ್' ಮೂರು ಲೇಖನಗಳನ್ನು ಪ್ರಕಟಿಸಿತು. ಮೊದಲನೆಯದರ ದಿನಾಂಕ ಕೆಲವು ಕಡೆ 1982ರ ಸೆಪ್ಟೆಂಬರ್ 17 ಎಂದೂ ಕೆಲವು ಕಡೆ 26 ಎಂದೂ ಇದೆ. ಉಳಿದೆರಡು ಅಕ್ಟೋಬರಿನವು. ಊರನ್ನು ಉಳಿಸಿ ಎಂದು ಮೊರೆಯಿಡುವ ತಲೆಬರಹದಿಂದ ಶುರುವಾಗಿ, ಭೋಪಾಲ್ ಜ್ವಾಲಾಮುಖಿಯ ಬಾಯಲ್ಲಿ ಕುಳಿತಿದೆ ಎನ್ನುವವರೆಗೆ ಅವು ಬೆಳೆದವು. ಆ ಅಕ್ಟೋಬರ್ ಮೊದಲ ವಾರದಲ್ಲೇ ಕಾರ್ಖಾನೆಯಲ್ಲಿ ಮತ್ತೆ ಅನಿಲ ಸೋರಿತು. ಡಿಸೆಂಬರಿನಲ್ಲಿ ಮಧ್ಯಪ್ರದೇಶ ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಾಗ ಕಾರ್ಮಿಕ ಸಚಿವರು ಅಪಾಯವೇನೂ ಇಲ್ಲ, ಕಾರ್ಖಾನೆಯೇನು ಎತ್ತಿ ಬೇರೆಡೆ ಇಡುವ ಕಲ್ಲಲ್ಲ ಎಂಬರ್ಥದ ಉತ್ತರ ಕೊಟ್ಟರು.

ಕೇಸ್ವಾನಿ ಮುಖ್ಯಮಂತ್ರಿಗೂ ಬರೆದರು. 1984ರ ಜೂನ್‌ನಲ್ಲಿ 'ಜನಸತ್ತಾ' ದಿನಪತ್ರಿಕೆಯಲ್ಲಿ ಮತ್ತೊಂದು ಲೇಖನ ಬಂತು. 'ರಪಟ್' ಮತ್ತು 'ಜನಸತ್ತಾ' ಬರಹಗಳನ್ನು ಒಂದೇ ಎಂಬಂತೆ ಬೆರೆಸಿ ಹೇಳುವುದುಂಟು; 'ಜನಸತ್ತಾ' ಹುಟ್ಟಿದ್ದೇ 1983ರಲ್ಲಿ. ಆ ಲೇಖನ ಬಂದ ಆರನೇ ತಿಂಗಳಿಗೆ, ಡಿಸೆಂಬರ್ 2–3ರ ನಡುರಾತ್ರಿ, ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಊರಿನ ಮೇಲೆ ಹರಡಿತು. ಸರ್ಕಾರದ ಆರಂಭಿಕ ಲೆಕ್ಕದಲ್ಲಿ ಸತ್ತವರು 2,259, ನಂತರದ್ದರಲ್ಲಿ 3,787. ಸಂತ್ರಸ್ತರ ಸಂಘಟನೆಗಳು ಹೇಳುವ ಸಂಖ್ಯೆ ಇದರ ಹಲವು ಪಟ್ಟು.

ಆ ಬರಹಗಳನ್ನು ಭವಿಷ್ಯವಾಣಿ ಎಂದು ಹೊಗಳುವುದು ರೂಢಿಯಾಗಿದೆ. ಅದು ಕೇಸ್ವಾನಿಗೆ ಗೌರವವೂ ಅಲ್ಲ, ನಿಜವೂ ಅಲ್ಲ. ಅವರ ಮುಂದಿದ್ದದ್ದು ಕಂಪನಿಯದೇ ಕಾಗದ, ಕಾರ್ಮಿಕರ ಮಾತು, ರಸಾಯನಶಾಸ್ತ್ರದ ಓದು. ಕಾರ್ಮಿಕ ಸಂಘದವರೂ 1982ರಲ್ಲೇ ಅಪಾಯದ ಬಗ್ಗೆ ಪೋಸ್ಟರ್ ಅಂಟಿಸಿದ್ದರು. ಅದು ಇನ್ನೂ ಕಡಿಮೆ ನೆನಪಿನಲ್ಲಿದೆ. 1985ರಲ್ಲಿ ಕೇಸ್ವಾನಿಗೆ ಬಿ.ಡಿ. ಗೋಯಂಕಾ ಪ್ರಶಸ್ತಿ ಬಂತು. 2014ರ 'ಭೋಪಾಲ್: ಎ ಪ್ರೇಯರ್ ಫಾರ್ ರೈನ್' ಚಿತ್ರದಲ್ಲೂ 2023ರ 'ದಿ ರೈಲ್ವೇ ಮೆನ್' ಸರಣಿಯಲ್ಲೂ ಅವರನ್ನು ಹೋಲುವ ಪತ್ರಕರ್ತನ ಪಾತ್ರವಿದೆ; ಎರಡರಲ್ಲೂ ಹೆಸರು ಬೇರೆ.

ಬೋಫೋರ್ಸ್‌ನಿಂದ ತೆಹಲ್ಕಾವರೆಗೆ

1987ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೊ ಮೊದಲು ಹೇಳಿದ ಬೋಫೋರ್ಸ್ ಫಿರಂಗಿ ಖರೀದಿಯ ಲಂಚವನ್ನು ಚಿತ್ರಾ ಸುಬ್ರಮಣ್ಯಂ, ಎನ್. ರಾಮ್ 'ದಿ ಹಿಂದೂ'ವಿನಲ್ಲಿ ದಾಖಲೆ ಸಮೇತ ಬೆಳೆಸಿದರು. ಮಾಹಿತಿ ಕೊಟ್ಟವರು ಸ್ವೀಡನ್ನಿನ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರಾಮ್ ಎಂಬುದು 2012ರಲ್ಲಷ್ಟೇ ಬಹಿರಂಗವಾಯಿತು. 2001ರ ಮಾರ್ಚ್‌ನಲ್ಲಿ 'ತೆಹಲ್ಕಾ' ಸುದ್ದಿ ಜಾಲತಾಣ ರಹಸ್ಯ ಕ್ಯಾಮೆರಾದಲ್ಲಿ ಸೆರೆಹಿಡಿದ ರಕ್ಷಣಾ ಖರೀದಿಯ ಲಂಚವನ್ನು ಬಯಲು ಮಾಡಿತು. ಇಂಥ ಕುಟುಕು ಕಾರ್ಯಾಚರಣೆ ತನಿಖೆಯೇ, ಆಮಿಷವೇ ಎಂಬ ವಾದ ಅಂದಿನಿಂದ ಮುಗಿದಿಲ್ಲ.

ಸಿರ್ಸಾ, 2002

ಹರಿಯಾಣದ ಸಿರ್ಸಾದಲ್ಲಿ ರಾಮ್ ಚಂದರ್ ಛತ್ರಪತಿ 'ಪೂರಾ ಸಚ್' ಎಂಬ ಹಿಂದಿ ಸಂಜೆ ಪತ್ರಿಕೆ ನಡೆಸುತ್ತಿದ್ದರು. ಡೇರಾ ಸಚ್ಚಾ ಸೌದಾ ಪಂಥದ ಮುಖ್ಯಸ್ಥ ಗುರ್ಮೀತ್ ರಾಮ್ ರಹೀಮ್ ಮೇಲೆ ಅತ್ಯಾಚಾರದ ಆರೋಪ ಹೊರಿಸಿ ಸಾಧ್ವಿಯೊಬ್ಬರು ಪ್ರಧಾನಿಗೆ ಬರೆದ ಅನಾಮಧೇಯ ಪತ್ರ ಆ ಸೀಮೆಯಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. 2002ರ ಮೇ 30ರಂದು 'ಪೂರಾ ಸಚ್' ಅದನ್ನು ಅಚ್ಚು ಹಾಕಿತು. ಅಕ್ಟೋಬರ್ 24ರಂದು ಮನೆಯ ಬಳಿ ಛತ್ರಪತಿ ಮೇಲೆ ಗುಂಡು ಹಾರಿಸಲಾಯಿತು. ನವೆಂಬರ್ 21ರಂದು ತೀರಿಕೊಂಡರು. ಡೇರಾ ಮುಖ್ಯಸ್ಥನಿಗೆ 2017ರಲ್ಲಿ ಅತ್ಯಾಚಾರ ಪ್ರಕರಣದಲ್ಲಿ, 2019ರ ಜನವರಿಯಲ್ಲಿ ಈ ಕೊಲೆ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿತು. 2002ರಿಂದ 2017ರವರೆಗಿನ ಹದಿನೈದು ವರ್ಷ ಸುದ್ದಿಯನ್ನು ಜೀವಂತವಾಗಿಟ್ಟವರಲ್ಲಿ ಛತ್ರಪತಿಯವರ ಮಗ, ಸಾಕ್ಷಿ ಹೇಳಿದ ಇಬ್ಬರು ಮಹಿಳೆಯರು ಮುಖ್ಯರು. ರಾಷ್ಟ್ರಮಟ್ಟದ ಮಾಧ್ಯಮ ಬಹುತೇಕ ಬಂದದ್ದು ತೀರ್ಪಿನ ದಿನ.

ಮಾಹಿತಿ ಹಕ್ಕಿನ ನಂತರ

2005ರ ಮಾಹಿತಿ ಹಕ್ಕು ಕಾಯಿದೆ ತನಿಖಾ ವರದಿಗಾರರ ಕೆಲಸದ ರೀತಿಯನ್ನೇ ಬದಲಿಸಿತು. ಚುನಾವಣಾ ಬಾಂಡ್ ಯೋಜನೆಗೆ ರಿಸರ್ವ್ ಬ್ಯಾಂಕ್ ಎತ್ತಿದ್ದ ಆಕ್ಷೇಪಗಳನ್ನು 2019ರಲ್ಲಿ ನಿತಿನ್ ಸೇಥಿ ಬರೆದದ್ದು, ನಿವೃತ್ತ ನೌಕಾಪಡೆ ಅಧಿಕಾರಿ ಲೋಕೇಶ್ ಬಾತ್ರಾ ಅರ್ಜಿ ಹಾಕಿ ಪಡೆದ ಕಾಗದಗಳನ್ನು ಆಧರಿಸಿ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಯೋಜನೆಯನ್ನು ರದ್ದುಪಡಿಸಿತು.

ಸಣ್ಣ ಊರಿನ ವರದಿಗಾರರ ಪಾಡು ಇದರಿಂದ ಹಗುರವಾಗಲಿಲ್ಲ. ಛತ್ತೀಸ್‌ಗಢದ ಬಿಜಾಪುರದಲ್ಲಿ 'ಬಸ್ತರ್ ಜಂಕ್ಷನ್' ಯೂಟ್ಯೂಬ್ ವಾಹಿನಿ ನಡೆಸುತ್ತಿದ್ದ ಮುಕೇಶ್ ಚಂದ್ರಾಕರ್ ಕಳಪೆ ರಸ್ತೆ ಕಾಮಗಾರಿಯ ವರದಿಯ ನಂತರ 2025ರ ಜನವರಿ 1ರಂದು ಕಾಣೆಯಾದರು. ಎರಡು ದಿನಗಳ ಬಳಿಕ ಆ ಕಾಮಗಾರಿಯ ಗುತ್ತಿಗೆದಾರನಿಗೆ ಸೇರಿದ ಜಾಗದ ಸೆಪ್ಟಿಕ್ ಟ್ಯಾಂಕ್‌ನಲ್ಲಿ ಶವ ಸಿಕ್ಕಿತು. ಗುತ್ತಿಗೆದಾರನನ್ನು ಹೈದರಾಬಾದಿನಲ್ಲಿ ಬಂಧಿಸಲಾಯಿತು. ಪತ್ರಕರ್ತರ ರಕ್ಷಣೆಗೆಂದು ಆ ರಾಜ್ಯದ ವಿಧಾನಸಭೆ 2023ರಲ್ಲೇ ಮಸೂದೆಯೊಂದನ್ನು ಅಂಗೀಕರಿಸಿತ್ತು.