ನ್ಯಾನೊ
ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಟರ್ಮಿನಲ್‌ನಲ್ಲಿ ಬಳಸುವ ಸರಳ ಪಠ್ಯ ಸಂಪಾದಕ ತಂತ್ರಾಂಶ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೈನ್ ಇಮೇಲ್ ತಂತ್ರಾಂಶದ ಜೊತೆ ಬರುತ್ತಿದ್ದ ಪೀಕೊ ಸಂಪಾದಕಕ್ಕೆ ಮುಕ್ತ ಪರ್ಯಾಯವಾಗಿ ಕ್ರಿಸ್ ಅಲೆಗ್ರೆಟಾ 1999ರಲ್ಲಿ ಇದನ್ನು ರೂಪಿಸಿದರು. 2001ರಲ್ಲಿ ಇದು ಮುಕ್ತ ತಂತ್ರಾಂಶಗಳ ಗ್ನೂ ಯೋಜನೆಗೆ ಸೇರಿತು.

ಕಡತ ತೆರೆದ ಕೂಡಲೇ ಟೈಪ್ ಮಾಡಬಹುದಾದ್ದರಿಂದ ಹೊಸಬರಿಗೆ ಇದು ಬೇಗ ಒಗ್ಗುತ್ತದೆ. ಮುಖ್ಯ ಆದೇಶಗಳು ಪರದೆಯ ಕೊನೆಯ ಎರಡು ಸಾಲುಗಳಲ್ಲಿ ಕಾಣುತ್ತಿರುತ್ತವೆ. ಕಂಟ್ರೋಲ್ ಕೀಲಿಯೊಂದಿಗೆ ಓ ಒತ್ತಿದರೆ ಕಡತ ಉಳಿಸಬಹುದು, ಡಬ್ಲ್ಯು ಒತ್ತಿದರೆ ಹುಡುಕಬಹುದು, ಎಕ್ಸ್ ಒತ್ತಿದರೆ ಹೊರಬರಬಹುದು.

ಬಿಲ್ ಜಾಯ್ 1976ರಲ್ಲಿ ರಚಿಸಿದ ವಿಐ ಎಂಬ ಪಠ್ಯ ಸಂಪಾದಕ ಹಾಗಲ್ಲ. ಅದು ಕೀಲಿಗಳನ್ನು ಆದೇಶಗಳಾಗಿ ಓದುವ ಆದೇಶ ಸ್ಥಿತಿಯಲ್ಲಿ ತೆರೆದುಕೊಳ್ಳುವುದರಿಂದ ಬರೆಯಲು ಮೊದಲು ಐ ಒತ್ತಬೇಕು. ಆದರೂ ಬಹುತೇಕ ಯುನಿಕ್ಸ್ ಯಂತ್ರಗಳಲ್ಲಿ ವಿಐ ಅಥವಾ ಅದರ ಸುಧಾರಿತ ರೂಪವಾದ ವಿಮ್ ಇರುವುದರಿಂದ, ನ್ಯಾನೊ ಆಯ್ದುಕೊಂಡವರಿಗೂ ವಿಐನ ಪ್ರಾಥಮಿಕ ಪರಿಚಯ ಉಪಯುಕ್ತ.