ಎಲ್ಲಾ ಕೀಲುನೋವೂ ಹಂದಿಗೋಡು ಕಾಯಿಲೆ ಅಲ್ಲ: ಏನಿದು ಆಟೋಇಮ್ಯೂನ್ ಸಂಧಿವಾತ?

ಸಾಗರ: ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕೀಲು ಹಿಡ್ಕೊಂಡ್ರೆ ಮೊದಲು ಬರೋ ಮಾತು ‘ವಾತ’. ಸಾಗರದವರಿಗೆ ಜೊತೆಗೆ ಹಂದಿಗೋಡು ಕಾಯಿಲೆಯೂ ನೆನಪಾಗುತ್ತೆ.

1975ರ ಹೊತ್ತಿಗೆ ಹಂದಿಗೋಡಿನಲ್ಲಿ ಬೆಳಕಿಗೆ ಬಂದ ಆ ಕಾಯಿಲೆಗೆ ಗದ್ದೆ ಏಡಿ, ಕ್ರಿಮಿನಾಶಕ ಕಾರಣ ಅಂತ ಆಗ ಮಾತಿತ್ತು. ಅದು ವಂಶವಾಹಿಯಿಂದ ಬರುವ ಮೂಳೆ ಕಾಯಿಲೆ ಅನ್ನೋದು ನಂತರದ ಸಂಶೋಧನೆಯಲ್ಲಿ ಗೊತ್ತಾಯ್ತು. ಸೊಂಟ, ಮಂಡಿ ಹಾಳಾಗುತ್ತೆ.

ರುಮಟಾಯ್ಡ್ ಸಂಧಿವಾತದ ಕಥೆ ಬೇರೆ. ರೋಗಾಣುಗಳನ್ನು ಹೊಡೆಯಬೇಕಾದ ರಕ್ಷಣಾ ಕಣಗಳು ನಮ್ಮದೇ ಕೀಲಿನ ಒಳಪೊರೆ ಮೇಲೆ ಬೀಳುತ್ತವೆ. ಇವುಗಳಿಗೆ ಕಡಿವಾಣ ಹಾಕುವ ‘ರೆಗ್ಯುಲೇಟರಿ ಟಿ ಕಣ’ಗಳು ದೇಹದಲ್ಲೇ ಇವೆ ಅಂತ 1995ರಲ್ಲಿ ತೋರಿಸಿದ್ದು ಜಪಾನಿನ ಶಿಮೊನ್ ಸಕಾಗುಚಿ. ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಫಾಕ್ಸ್‌ಪಿ3 ಜೀನ್ ಪತ್ತೆ ಮಾಡಿದರು. ಈ ಕಣಗಳು ಬೆಳೆಯೋಕೆ ಅದೇ ಜೀನ್ ಬೇಕು ಅಂತ ಆಮೇಲೆ ಖಚಿತವಾಯ್ತು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂತು. ಇದನ್ನು ಆಧರಿಸಿದ ಚಿಕಿತ್ಸೆಗಳು ಇನ್ನೂ ಪ್ರಯೋಗದಲ್ಲಿವೆ, ನಮ್ಮ ಆಸ್ಪತ್ರೆಗೆ ಬರೋಕೆ ಕಾಯಬೇಕು.

ಎರಡೂ ಕೈಬೆರಳ ಗೆಣ್ಣು ಊದಿ, ಬೆಳಗ್ಗೆ ಎದ್ದು ಗಂಟೆ ಕಳೆದರೂ ಮುಷ್ಟಿ ಕಟ್ಟೋಕೆ ಆಗ್ತಿಲ್ವಾ? ಆರು ವಾರ ಆದ್ರೂ ಹೋಗಿಲ್ವಾ? ಅಡಿಕೆ ಸುಲಿದ ಆಯಾಸ ಅಂತ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ಮೊದಲ ತಿಂಗಳುಗಳಲ್ಲೇ ಔಷಧ ಶುರುವಾದ್ರೆ ಕೀಲು ಸೊಟ್ಟಗಾಗೋದನ್ನ ಬಹಳಷ್ಟು ತಡೆಯಬಹುದು. ಹೆಸರಿಲ್ಲದ ಪೊಟ್ಟಣದ ನೋವಿನ ಪುಡಿಯಲ್ಲಿ ಸ್ಟಿರಾಯ್ಡ್ ಇರಬಹುದು, ಅದು ಬೇಡ. ಸಾಮಾನ್ಯವಾಗಿ ಕೊಡೋದು ಮೆಥೊಟ್ರೆಕ್ಸೇಟ್ ಮಾತ್ರೆ. ಗರ್ಭಿಣಿಯರಿಗೆ ಇದು ಕೂಡದು. ಉಳಿದವರೂ ವಾರಕ್ಕೆ ಒಂದೇ ದಿನ ತಗೋಬೇಕು. ದಿನಾ ನುಂಗಿದ್ರೆ ಪ್ರಾಣಕ್ಕೇ ಅಪಾಯ.