ಡೇಟಾಬೇಸ್‌ನಲ್ಲಿ ಖಾಲಿ ಜಾಗ ಎಂದರೆ ಸೊನ್ನೆಯೇ? ಸ್ಮಾಲ್‌ಟಾಕ್ ಏನು ಹೇಳುತ್ತದೆ?

ನಂಬಿಕೆ: ಕಂಪ್ಯೂಟರ್ ಲೆಕ್ಕ ಹಾಕಿ ಕೊಟ್ಟ ಸರಾಸರಿ ತಪ್ಪಾಗುವುದಿಲ್ಲ.

ವಾಸ್ತವ: ಕೂಡಿಸುವುದು, ಭಾಗಿಸುವುದು ಸರಿ ಇದ್ದರೂ ಡೇಟಾಬೇಸ್‌ನ ಖಾಲಿ ಜಾಗವನ್ನು ಪ್ರೋಗ್ರಾಂ ತಪ್ಪಾಗಿ ಓದಿದರೆ ಉತ್ತರ ತಪ್ಪಾಗುತ್ತದೆ.

ಸ್ಮಾಲ್‌ಟಾಕ್ ಎಂದರೇನು?
1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಆಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ರೂಪಿಸಿದ ಪ್ರೋಗ್ರಾಮಿಂಗ್ ಭಾಷೆ ಇದು. ಇಲ್ಲಿ ಎಲ್ಲವೂ ಆಬ್ಜೆಕ್ಟ್. ಅವು ಒಂದಕ್ಕೊಂದು ಸಂದೇಶ ಕಳುಹಿಸಿ ಕೆಲಸ ಮಾಡುತ್ತವೆ. 'ಏನೂ ಇಲ್ಲ' ಎಂಬುದೂ ಒಂದು ಆಬ್ಜೆಕ್ಟ್. ಅದರ ಹೆಸರು 'ನಿಲ್'.

ಫಲಿತಾಂಶ ಓದುವುದು ಹೇಗೆ?
ಪ್ರೋಗ್ರಾಂ ಎಸ್‌ಕ್ಯೂಎಲ್ ಭಾಷೆಯಲ್ಲಿ ಪ್ರಶ್ನೆ ಕಳುಹಿಸುತ್ತದೆ. ವಿಷುಯಲ್‌ವರ್ಕ್ಸ್ ಎಂಬ ಸ್ಮಾಲ್‌ಟಾಕ್ ಆವೃತ್ತಿಯಲ್ಲಿ ಉತ್ತರ ಒಂದು 'ಸ್ಟ್ರೀಮ್' ರೂಪದಲ್ಲಿ ಸಿಗುತ್ತದೆ. ಅದರಿಂದ ಸಾಲುಗಳನ್ನು ಒಂದೊಂದಾಗಿ ತೆಗೆದು ಓದಬಹುದು. ಡೇಟಾಬೇಸ್‌ನಲ್ಲಿ 'ನಲ್' ಎಂದಿರುವ ಜಾಗ ಇಲ್ಲಿ ನಿಲ್ ಆಗಿ ಬರುತ್ತದೆ.

ಹೀಗಾಗಿ ಮೂರು ಸ್ಥಿತಿಗಳಿವೆ:
- ಸಾಲೇ ಬಂದಿಲ್ಲ: ಅಂಥ ದಾಖಲೆ ಇಲ್ಲ.
- ಸಾಲಿದೆ, ಒಳಗೆ ನಿಲ್: ವ್ಯಕ್ತಿಯ ದಾಖಲೆ ಇದೆ, ಅಳತೆ ನಮೂದಾಗಿಲ್ಲ.
- ಸಾಲಿದೆ, ಒಳಗೆ 0: ಅಳತೆ ಸೊನ್ನೆ ಎಂದೇ ನಮೂದಾಗಿದೆ.

ಎಡವಟ್ಟು ಎಲ್ಲಿ?
ಒಂದು ಉದಾಹರಣೆ ನೋಡೋಣ. ಐವರ ಪಟ್ಟಿಯಲ್ಲಿ ನಾಲ್ವರ ಖಾಲಿ ಹೊಟ್ಟೆಯ ಸಕ್ಕರೆ ಮಟ್ಟ 100, 110, 130, 140. ಐದನೆಯವರ ಪರೀಕ್ಷೆ ಆಗಿಲ್ಲ, ಅಲ್ಲಿ ನಿಲ್ ಇದೆ. ಎಲ್ಲವನ್ನೂ ಕೂಡಿಸಲು ಹೊರಟರೆ ಸ್ಮಾಲ್‌ಟಾಕ್ 'ಈ ಸಂದೇಶ ಅರ್ಥವಾಗಲಿಲ್ಲ' ಎಂಬ ಎರರ್ ಕೊಟ್ಟು ನಿಲ್ಲುತ್ತದೆ. ಇದು ಕಿರಿಕಿರಿಯಲ್ಲ, ಎಚ್ಚರಿಕೆ.

ಎರರ್ ಹೋದರೆ ಸಾಕೆಂದು 'ನಿಲ್ ಇದ್ದರೆ 0 ಎಂದುಕೋ' ಎಂದು ಬರೆದರೆ 480ನ್ನು 5ರಿಂದ ಭಾಗಿಸಿ ಸರಾಸರಿ 96 ಬರುತ್ತದೆ. ನಿಲ್ ಇರುವ ಸಾಲನ್ನು ಬಿಟ್ಟು 4ರಿಂದ ಭಾಗಿಸಿದರೆ 120. ಎಸ್‌ಕ್ಯೂಎಲ್‌ನ ಸರಾಸರಿ ಸೂತ್ರವೂ ನಲ್‌ಗಳನ್ನು ಬಿಟ್ಟೇ ಲೆಕ್ಕ ಹಾಕುತ್ತದೆ. 100ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ 'ನಾರ್ಮಲ್' ಎನ್ನುತ್ತಾರೆ. ಅಂದರೆ ಎಚ್ಚರ ವಹಿಸಬೇಕಾದ ಗುಂಪು ಒಂದೇ ತಪ್ಪಿನಿಂದ ಆರೋಗ್ಯವಂತರ ಗುಂಪಾಗಿ ಕಾಣುತ್ತದೆ!

ಫಾರ್ವರ್ಡ್ ಮಾಡುವ ಮುನ್ನ
ಸರಾಸರಿ ಇರುವ ಸಂದೇಶ ಬಂದರೆ ಎರಡು ಪ್ರಶ್ನೆ ಕೇಳಿ: ಪಟ್ಟಿಯಲ್ಲಿ ಎಷ್ಟು ಜನರಿದ್ದರು? ಅವರಲ್ಲಿ ಎಷ್ಟು ಜನರನ್ನು ನಿಜಕ್ಕೂ ಅಳೆಯಲಾಗಿದೆ? ಎರಡಕ್ಕೂ ಉತ್ತರವಿಲ್ಲದಿದ್ದರೆ ಆ ಅಂಕಿಯನ್ನು ಮುಂದೆ ಕಳುಹಿಸಬೇಡಿ.

ಒಟ್ಟಾರೆ: 'ಗೊತ್ತಿಲ್ಲ' ಎಂಬುದು 'ಸೊನ್ನೆ' ಅಲ್ಲ.